ಮೊದಲ ಸೂಜಿಗಿಂತ ಮುಂಚೆ ಖರ್ಚಿನ ಮಾತಾಗಲಿ

ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಹತ್ತಿರ ನಾನು ಮುಖ್ಯವಾಗಿ ಕೇಳುತ್ತಿರುವುದು ಒಂದು ನಿಯಮ. ಕಾಯಿಲೆ ಬಿದ್ದ ನಾಯಿಯನ್ನೋ ಬೆಕ್ಕನ್ನೋ ಆಸ್ಪತ್ರೆಗೆ ತಂದಾಗ, ಅಡ್ಮಿಟ್ ಮಾಡಿಕೊಳ್ಳುವ ಮೊದಲು ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಏನು ಕಾಯಿಲೆ ಇರಬಹುದು, ಉಳಿಯುವ ಸಾಧ್ಯತೆ ಎಷ್ಟು, ಎಷ್ಟು ದಿನ ಚಿಕಿತ್ಸೆ ಬೇಕು, ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಖರ್ಚಾಗುತ್ತದೆ, ಅಷ್ಟು ದುಡ್ಡು ಇಲ್ಲದಿದ್ದರೆ ಬೇರೆ ಏನು ಮಾಡಬಹುದು. ಇದೆಲ್ಲ ಕನ್ನಡದಲ್ಲಿ, ಓದುವ ಯಾರಿಗಾದರೂ ಅರ್ಥವಾಗುವ ಹಾಗೆ ಇರಬೇಕು. ಜೀವ ಹೋಗುವ ಸ್ಥಿತಿಯಲ್ಲಿ ಬಂದ ಪ್ರಾಣಿಗೆ ಮೊದಲು ಆಕ್ಸಿಜನ್, ಡ್ರಿಪ್ಪು, ನೋವಿನ ಇಂಜೆಕ್ಷನ್ ಕೊಡಿ. ಅದರ ಬೆನ್ನಿಗೇ ಈ ಹಾಳೆ ಬರಲಿ.

ನಾನು ಬೆಂಗಳೂರಿನ ಮತ್ತಿಕೆರೆಯವಳು. ನಮ್ಮ ಮನೆಯಲ್ಲಿ ನಾಯಿ ಇಲ್ಲದ ಕಾಲ ಅಂತ ಇರಲಿಲ್ಲ. ಬೀದಿಯಲ್ಲಿ ಯಾರ ನಾಯಿಗೆ ಹುಷಾರು ತಪ್ಪಿದರೂ ನನ್ನನ್ನು ಕರೆಯುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ಹಾಗಾಗಿ ಆಸ್ಪತ್ರೆಯ ಕೌಂಟರ್ ಮುಂದೆ ಏನು ನಡೆಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಒಂದು ಸಲ ನಮ್ಮ ಬೀದಿಯಲ್ಲಿ ಆಟೋ ಓಡಿಸುವ ಹುಡುಗನೊಬ್ಬ ಮೂರು ತಿಂಗಳ ಮರಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದ. ವಾಂತಿ, ಜೊತೆಗೆ ರಕ್ತಭೇದಿ. ಆ ವಾಸನೆಯಲ್ಲೇ ಗೊತ್ತಾಗುತ್ತದೆ, ಪಾರ್ವೋ, ಅಂದರೆ ಮರಿಗಳ ಕರುಳಿಗೆ ಹತ್ತುವ ವೈರಸ್ ಕಾಯಿಲೆ. ಹತ್ತಿರದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆವು. ಕಿಟ್‌ನಲ್ಲಿ ಪರೀಕ್ಷೆ ಮಾಡಿದರು, ಪಾಸಿಟಿವ್ ಬಂತು. "ಅಡ್ಮಿಟ್ ಮಾಡಿ, 8,000 ಅಡ್ವಾನ್ಸ್ ಕಟ್ಟಿ" ಅಂದರು. ಅವನು, "ಒಟ್ಟು ಎಷ್ಟಾಗಬಹುದು ಮೇಡಂ?" ಅಂತ ಕೇಳಿದ. "ಈಗಲೇ ಹೇಳೋಕಾಗಲ್ಲ, ಕೇಸ್ ಮೇಲೆ ಹೋಗುತ್ತೆ" ಅಂತ ಉತ್ತರ ಬಂತು. ಅವನು ಫೋನಿನಲ್ಲೇ ದುಡ್ಡು ಕಳಿಸಿದ. ಮಾರನೇ ದಿನ ಇನ್ನೊಂದಿಷ್ಟು ಕೇಳಿದರು, ಕಟ್ಟಿದ. ಅದರ ಮಾರನೇ ದಿನ ಚೀಟಿಗೆ ಅಂತ ತೆಗೆದಿಟ್ಟ ದುಡ್ಡೂ ಹೋಯಿತು. ಮುಂದೆ ಕಟ್ಟಲು ಏನೂ ಉಳಿಯಲಿಲ್ಲ. ಮರಿಯ ಕಾಲಿನಲ್ಲಿದ್ದ ಸೂಜಿ ತೆಗೆಸಿ, ಒಂದು ಕಾಗದಕ್ಕೆ ಸಹಿ ಹಾಕಿ ಮನೆಗೆ ಕರೆತಂದ. ಆ ರಾತ್ರಿಯೇ ಮರಿ ಸತ್ತಿತು.

ಆ ಆಸ್ಪತ್ರೆಯವರು ದುಡ್ಡು ಹೊಡೆದರು ಅಂತ ನಾನು ಹೇಳುತ್ತಿಲ್ಲ. ಕೊಟ್ಟ ಚಿಕಿತ್ಸೆ ಸರಿಯಾಗಿಯೇ ಇತ್ತು. ಬಿಲ್ಲಿನಲ್ಲಿ ಸುಳ್ಳು ಇರಲಿಲ್ಲ. ಆದರೆ ಪಾರ್ವೋ ಕಾಯಿಲೆಯ ಸ್ವಭಾವ ಡಾಕ್ಟರಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಕೊಡುವ ಔಷಧಿಗಳು ವೈರಸ್ಸನ್ನು ಕೊಲ್ಲುವುದಿಲ್ಲ. ಮರಿಯ ದೇಹ ತಾನೇ ವೈರಸ್ಸನ್ನು ಸೋಲಿಸುವ ತನಕ ನೀರು, ಲವಣ, ಸಕ್ಕರೆ ಕೊಟ್ಟು, ವಾಂತಿ ನಿಲ್ಲಿಸಿ, ಬೇರೆ ಸೋಂಕು ಹತ್ತದಂತೆ ಆಂಟಿಬಯೋಟಿಕ್ ಕೊಟ್ಟು ಉಳಿಸಿಕೊಳ್ಳುವುದೇ ಚಿಕಿತ್ಸೆ. ಸಾಮಾನ್ಯವಾಗಿ ಇದಕ್ಕೆ ಐದರಿಂದ ಏಳು ದಿನ ಬೇಕು. ಪೂರ್ತಿ ಮಾಡಿದರೆ ಹೆಚ್ಚಿನ ಮರಿಗಳು ಉಳಿಯುತ್ತವೆ. ಅರ್ಧಕ್ಕೆ ನಿಲ್ಲಿಸಿದರೆ ಅಲ್ಲಿಯವರೆಗೆ ಹಾಕಿದ ದುಡ್ಡೂ ಹೋಯಿತು, ಮರಿಯೂ ಹೋಯಿತು.

"ಆರು ದಿನ ಆಗಬಹುದು, ಒಟ್ಟು ಇಷ್ಟು ಖರ್ಚು" ಅಂತ ಮೊದಲ ದಿನವೇ ಹೇಳಿದ್ದರೆ ಅವನು ಬೇರೆ ದಾರಿ ನೋಡುತ್ತಿದ್ದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಮನೆಯಿಂದ ದೂರವೇನಿಲ್ಲ. 1958ರಲ್ಲಿ ಶುರುವಾದ ಕಾಲೇಜು ಅದು, ಅಲ್ಲಿಯ ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಇಲ್ಲದಿದ್ದರೆ ದಿನಾ ಬೆಳಿಗ್ಗೆ ತಂದು ಡ್ರಿಪ್ ಹಾಕಿಸಿಕೊಂಡು, ರಾತ್ರಿ ಮನೆಯಲ್ಲಿ ನೋಡಿಕೊಳ್ಳಬಹುದಿತ್ತು. ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಪಾರ್ವೋ ಬಂದ 40 ಮರಿಗಳಿಗೆ ಮೊದಲು ರಕ್ತನಾಳದಲ್ಲಿ ಡ್ರಿಪ್ ಕೊಟ್ಟು ಚೇತರಿಸಿದರು. ಆಮೇಲೆ ಅರ್ಧದಷ್ಟಕ್ಕೆ ಆಸ್ಪತ್ರೆಯ ಪೂರ್ತಿ ಚಿಕಿತ್ಸೆ, ಇನ್ನರ್ಧಕ್ಕೆ ಮನೆಯಿಂದಲೇ ಮಾಡಬಹುದಾದಂಥ ಕಡಿಮೆ ಖರ್ಚಿನ ಚಿಕಿತ್ಸೆ ಕೊಟ್ಟರು. ಮೊದಲ ಗುಂಪಿನಲ್ಲಿ 90 ಪ್ರತಿಶತ ಮರಿಗಳು ಉಳಿದವು, ಎರಡನೆಯದರಲ್ಲಿ 80 ಪ್ರತಿಶತ. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೂ ದುಡ್ಡಿಲ್ಲದವನಿಗೆ ಆ 80 ಅನ್ನುವ ಅಂಕಿ ಎಷ್ಟು ದೊಡ್ಡದು, ಯೋಚಿಸಿ. ಅಂಥದ್ದೊಂದು ದಾರಿ ಇದೆ ಅನ್ನುವುದೇ ನಮ್ಮ ಹುಡುಗನಿಗೆ ತಿಳಿಯಲಿಲ್ಲ.

ಕಾಯಿಲೆ ಬಂದಾಗ ಎಲ್ಲರೂ ಕೇಳುವುದು "ಎಷ್ಟಾಗುತ್ತೆ?" ಅಂತಲೇ. ಆದರೆ ಒಂದೊಂದು ಕಾಯಿಲೆಯಲ್ಲಿ ದುಡ್ಡಿನ ಲೆಕ್ಕ ಒಂದೊಂದು ಥರ. ಪಾರ್ವೋದಲ್ಲಿ ಖರ್ಚಿಗೆ ಒಂದು ಕೊನೆ ಇದೆ, ದಾಟಿದರೆ ಮುಂದೆ ಹತ್ತು ಹನ್ನೆರಡು ವರ್ಷದ ಬಾಳು ಇದೆ. ಸಾಲ ಮಾಡಿಯಾದರೂ ಮಾಡೋಣ ಅಂತ ಒಬ್ಬ ಮನುಷ್ಯ ತೀರ್ಮಾನಿಸಿದರೆ ಅದರಲ್ಲಿ ಅರ್ಥ ಇದೆ.

ಉಣ್ಣೆ ಜ್ವರ ಇನ್ನೊಂದು ಥರ. ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಇದರ ಹೆಸರು ಗೊತ್ತೇ ಇರುತ್ತದೆ. ಉಣ್ಣೆ ಕಚ್ಚಿ ಎರ್ಲೀಕಿಯಾ ಅನ್ನುವ ಸೋಂಕು ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನಲ್ಲಿ ರಕ್ತ ಬರಬಹುದು, ಮನೆಯವರು ಗಾಬರಿ ಬೀಳುತ್ತಾರೆ. ಆದರೆ ಅದರ ಮುಖ್ಯ ಔಷಧಿ ಡಾಕ್ಸಿಸೈಕ್ಲಿನ್. ಹಳೆಯ, ಅಗ್ಗದ ಮಾತ್ರೆ. ಬೇಗ ಹಿಡಿದರೆ ಹೆಚ್ಚಿನ ನಾಯಿಗಳು ಅದರಲ್ಲೇ ಗುಣವಾಗುತ್ತವೆ. ಇಲ್ಲಿ ಬೇಕಾದದ್ದು ದುಡ್ಡಿಗಿಂತ ತಾಳ್ಮೆ. ನಾಲ್ಕು ವಾರ ಮಾತ್ರೆ ತಪ್ಪಿಸಬಾರದು. ನಾಯಿ ಅನ್ನ ತಿನ್ನಲು ಶುರು ಮಾಡಿತು ಅಂತ ವಾರಕ್ಕೇ ನಿಲ್ಲಿಸಿಬಿಡುತ್ತಾರೆ, ಅದು ಮತ್ತೆ ಬರುತ್ತದೆ.

ಹೆಸರು ಕೇಳಿಯೇ ಜನ ಕೈಬಿಡುವ ಕಾಯಿಲೆಗಳೂ ಇವೆ. ಬೀದಿಯಿಂದ ತಂದ ನಾಯಿಗಳ ಜನನಾಂಗದಲ್ಲಿ ಟಿವಿಟಿ ಅನ್ನುವ ಕ್ಯಾನ್ಸರ್ ಗಡ್ಡೆ ಬರುತ್ತದೆ. "ಕ್ಯಾನ್ಸರ್" ಅಂದ ಕೂಡಲೇ "ನಮ್ಮ ಕೈಲಾಗಲ್ಲ ಸಾರ್" ಅಂತ ವಾಪಸ್ ಹೋದವರನ್ನು ನೋಡಿದ್ದೇನೆ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಅದು ಪೂರ್ತಿ ಕರಗಿಹೋಗುತ್ತದೆ. ಅದೇ ದೊಡ್ಡ ಜಾತಿಯ ನಾಯಿಯ ಕಾಲಿನ ಮೂಳೆಗೆ ಕ್ಯಾನ್ಸರ್ ಬಂದರೆ ಕಥೆಯೇ ಬೇರೆ. ಕಾಲು ತೆಗೆದರೆ ನೋವು ಹೋಗುತ್ತದೆ, ಆದರೆ ಸಾಮಾನ್ಯವಾಗಿ ಸಿಗುವುದು ನಾಲ್ಕೈದು ತಿಂಗಳು. ಕಿಮೋ ಸೇರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ. ಅಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ತಿಂಗಳುಗಳನ್ನು. ಕೊಳ್ಳಬಾರದು ಅಂತಲ್ಲ. ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು, ಅಲ್ವಾ?

ಇನ್ನು ಕಿಡ್ನಿ. ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೇ ಆದದ್ದು.

"ಕಿಡ್ನಿ ಹೋಗಿದೆ" ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿ ಇರುತ್ತವೆ. ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್ ಬಂದೋ, ವಿಷ ತಿಂದೋ ಕಿಡ್ನಿ ದಿಢೀರನೆ ಕೆಟ್ಟಿದ್ದರೆ ಗಟ್ಟಿಯಾಗಿ ಡ್ರಿಪ್ ಕೊಟ್ಟು ವಾಪಸ್ ತರುವ ಅವಕಾಶ ಇದೆ. ವಯಸ್ಸಾದ ನಾಯಿಯಲ್ಲಿ ನಿಧಾನಕ್ಕೆ ಸವೆದ ಕಿಡ್ನಿ ವಾಪಸ್ ಬರುವುದಿಲ್ಲ. ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಭಾಗ ಕೆಲಸ ನಿಂತೇ ಹೋಗಿರುತ್ತದೆ. ಮೊದಲನೆಯದರಲ್ಲಿ ಖರ್ಚಿಗೆ ಒಂದು ಗುರಿ ಇದೆ. ಎರಡನೆಯದರಲ್ಲಿ ಖರ್ಚು ನಾಯಿ ಇರುವಷ್ಟು ದಿನವೂ ಇರುತ್ತದೆ. ಎರಡಕ್ಕೂ ಕೌಂಟರಿನಲ್ಲಿ ಹೇಳುವುದು "ಅಡ್ಮಿಟ್ ಮಾಡಿ, ನೋಡೋಣ" ಅಂತಲೇ.

ನಮ್ಮ ಗೌರಿ ಬೀದಿಯಿಂದ ಬಂದ ನಾಯಿ. ವಯಸ್ಸಾಗಿತ್ತು. ಊಟ ಬಿಟ್ಟಳು, ನೀರು ಮಾತ್ರ ಬಕೆಟ್‌ಗಟ್ಟಲೆ ಕುಡಿಯುತ್ತಿದ್ದಳು, ಬಾಯಿ ವಾಸನೆ ಬರುತ್ತಿತ್ತು. ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಆದ ಮೇಲೆ ಆ ಡಾಕ್ಟರು ನಮ್ಮನ್ನು ಕೂರಿಸಿಕೊಂಡರು. ವಯಸ್ಸಿನಲ್ಲಿ ಚಿಕ್ಕವರು, ಸರ್ಕಾರಿ ಆಸ್ಪತ್ರೆಯವರು. ಚೀಟಿಯ ಹಿಂಭಾಗದಲ್ಲಿ ಮೂರು ಗೆರೆ ಎಳೆದರು. "ನೋಡಿ ಅಮ್ಮ, ಮೂರು ದಾರಿ ಇದೆ" ಅಂದರು. ಒಂದು, ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕೈದು ದಿನ ಇಟ್ಟು ಡ್ರಿಪ್ ಹಾಕಿಸಿ, ಕ್ರಿಯೇಟಿನಿನ್ ಇಳಿಯುತ್ತದಾ ನೋಡುವುದು. ಎರಡು, ಮನೆಯಲ್ಲೇ ಚರ್ಮದ ಕೆಳಗೆ ಡ್ರಿಪ್ ಕೊಡುವುದು, ವಾಂತಿಗೆ ಮಾತ್ರೆ, ಊಟದಲ್ಲಿ ಬದಲಾವಣೆ. ಮೂರು, ನೋವಿಲ್ಲದೆ ಜೀವ ಹೋಗುವ ಇಂಜೆಕ್ಷನ್ ಕೊಟ್ಟು ಇವತ್ತೇ ಮಲಗಿಸಿಬಿಡುವುದು. ಒಂದೊಂದರ ಮುಂದೆ ಖರ್ಚು ಬರೆದರು. ಅದರ ಕೆಳಗೆ ಎಷ್ಟು ಕಾಲ ಸಿಗಬಹುದು ಅಂತಲೂ ಬರೆದರು. ಆಮೇಲೆ ಒಂದು ಮಾತು ಹೇಳಿದರು. "ಮೂರರಲ್ಲಿ ಯಾವುದು ಆರಿಸಿಕೊಂಡರೂ ನಾನು ನಿಮ್ಮನ್ನು ತಪ್ಪು ಅನ್ನಲ್ಲ. ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ."

ಮನೆಗೆ ಬಂದು ಮಾತಾಡಿದೆವು. ಅಮ್ಮನ ಕಣ್ಣಿನ ಆಪರೇಷನ್ ಆಗಬೇಕಿತ್ತು, ಮಗಳ ಕಾಲೇಜು ಫೀಸು ಬಾಕಿ ಇತ್ತು. ಅವೆರಡನ್ನೂ ಮುಟ್ಟಬಾರದು ಅಂತ ಮೊದಲು ತೀರ್ಮಾನವಾಯಿತು. ಉಳಿದದ್ದರಲ್ಲಿ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿದೆವು. ಎರಡನೇ ದಾರಿ ಹಿಡಿದೆವು. ಆ ಡಾಕ್ಟರು ನನ್ನ ಮಗಳಿಗೆ ಸೂಜಿ ಹಾಕುವುದನ್ನು ಹೇಳಿಕೊಟ್ಟರು. ಭುಜಗಳ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಮೇಲೆತ್ತಿ, ಆ ಮಡಿಕೆಗೆ ಸೂಜಿ ಇಳಿಸಬೇಕು. ಆರ್‌ಎಲ್, ಅಂದರೆ ಡ್ರಿಪ್ಪಿಗೆ ಹಾಕುವ ಲವಣದ ನೀರಿನ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಟ್ಟು, ಮೈಗೆ ತಣ್ಣಗೆ ತಾಗದ ಹಾಗೆ ಮಾಡಿಕೊಂಡು, ಕಿಟಕಿಯ ಸರಳಿಗೆ ತೂಗುಹಾಕುತ್ತಿದ್ದೆವು. ನೀರು ಇಳಿದ ಜಾಗ ಉಬ್ಬಿಕೊಳ್ಳುತ್ತಿತ್ತು, ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಗೌರಿ ಮತ್ತೆ ಮೊಸರನ್ನ ತಿಂದಳು, ಗೇಟಿನ ಹತ್ತಿರ ಹೋಗಿ ಪೇಪರ್ ಹುಡುಗನಿಗೆ ಬೊಗಳಿದಳು. ಕೆಲವು ತಿಂಗಳು ಚೆನ್ನಾಗಿಯೇ ಇದ್ದಳು.

ನಿಲ್ಲಿಸುವುದು ಯಾವಾಗ ಅನ್ನುವುದಕ್ಕೂ ಅವರೇ ದಾರಿ ತೋರಿಸಿದ್ದರು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೋಬೋಸ್ 2004ರಲ್ಲಿ ಮಾಡಿದ ಒಂದು ಅಳತೆ ಇದೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯಾ ಅನ್ನುವುದು, ಹೀಗೆ ಏಳು ವಿಷಯ. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ನಾಯಿಯ ಬದುಕು ಪರವಾಗಿಲ್ಲ ಅಂತ ಲೆಕ್ಕ. ಮಗಳು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಅಂಕ ಇಳಿಯುತ್ತಾ ಬಂತು. ಡಾಕ್ಟರಿಗೆ ಫೋನ್ ಮಾಡಿದೆವು. ಮೊದಲು ನಿದ್ದೆ ಬರಿಸುವ ಇಂಜೆಕ್ಷನ್, ಆಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ. ಅಮ್ಮ ಅವಳ ತಲೆ ಹಿಡಿದುಕೊಂಡು ಕೂತಿದ್ದರು. ಬಹಳ ಅತ್ತೆವು. ಆದರೆ ಯಾರ ಮನಸ್ಸಿನಲ್ಲೂ "ಇನ್ನೂ ಏನೋ ಮಾಡಬಹುದಿತ್ತು" ಅನ್ನುವ ಕೊರಗು ಉಳಿಯಲಿಲ್ಲ. ಆಟೋ ಹುಡುಗನಿಗೆ ಆ ಕೊರಗು ಇವತ್ತಿಗೂ ಇದೆ. ನನಗೂ ಅವನಿಗೂ ಇರುವ ವ್ಯತ್ಯಾಸ ನಾಯಿಯ ಮೇಲಿನ ಪ್ರೀತಿಯದ್ದಲ್ಲ. ನನಗೆ ಆ ಚೀಟಿ ಸಿಕ್ಕಿತು, ಅವನಿಗೆ ಸಿಗಲಿಲ್ಲ.

ಅಂಥ ಚೀಟಿ ಬರೆದುಕೊಡುವುದು ಒಬ್ಬ ಒಳ್ಳೆಯ ಡಾಕ್ಟರ ಸ್ವಭಾವವಾಗಿ ಮಾತ್ರ ಉಳಿಯಬಾರದು, ನಿಯಮ ಆಗಬೇಕು. ಅದಕ್ಕೇ ಈ ಪತ್ರ.

ನಮ್ಮ ರಾಜ್ಯದಲ್ಲಿ ಮನುಷ್ಯರ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು ಅಂತ ಅದು ಹೇಳುತ್ತದೆ. ಆ ಕಾಯ್ದೆ ಇರುವುದು ಮನುಷ್ಯರ ಚಿಕಿತ್ಸೆಗೆ. ನಾಯಿ, ಬೆಕ್ಕಿನ ಆಸ್ಪತ್ರೆಗಳು ಅದರೊಳಗೆ ಬರುವುದಿಲ್ಲ. ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ ಅಂತ ನನಗೆ ಅನಿಸುತ್ತದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಅಡಿಯಲ್ಲಿ ವೈದ್ಯರ ನಡವಳಿಕೆಗೆ 1992ರಲ್ಲೇ ನಿಯಮಾವಳಿ ಆಗಿದೆ. ರಾಜ್ಯದಲ್ಲಿ ನೋಂದಾಯಿಸಿಕೊಂಡ ಪಶುವೈದ್ಯರ ಪಟ್ಟಿ ಪರಿಷತ್ತಿನ ಹತ್ತಿರವೇ ಇದೆ. ಅವರೆಲ್ಲರಿಗೂ ಒಂದು ಸುತ್ತೋಲೆ, ಅದರ ಜೊತೆ ಕನ್ನಡದಲ್ಲಿ ಒಂದು ಪುಟದ ನಮೂನೆ ಕಳಿಸಿದರೆ ಕೆಲಸ ಶುರುವಾಗುತ್ತದೆ.

ವೈದ್ಯರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಎಕ್ಸ್‌ರೇ, ಸ್ಕ್ಯಾನ್ ಮೆಷಿನ್ನು ಮನುಷ್ಯರ ಆಸ್ಪತ್ರೆಯಲ್ಲಿ ಇರುವಂಥದ್ದೇ, ಬೆಲೆಯೂ ಅದಕ್ಕೆ ತಕ್ಕ ಹಾಗೇ. ರೋಗಿ ತನಗೆ ಎಲ್ಲಿ ನೋವು ಅಂತ ಹೇಳುವುದಿಲ್ಲ, ಪರೀಕ್ಷೆ ಮಾಡದೆ ವಿಧಿಯಿಲ್ಲ. ಬಿಲ್ಲು ಕೊಡದೆ ನಾಯಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಫೋನ್ ಸ್ವಿಚ್ ಆಫ್ ಮಾಡಿಕೊಳ್ಳುವವರಿದ್ದಾರೆ. ನಾಯಿ ಸತ್ತರೆ ಡಾಕ್ಟರ ಮೇಲೆ ಕೈಮಾಡಲು ಹೋಗುವವರಿದ್ದಾರೆ. "ಎಸ್ಟಿಮೇಟ್ ಕೊಟ್ಟರೆ ಅದು ಮೀರಿದಾಗ ಗಲಾಟೆ ಮಾಡ್ತಾರೆ" ಅಂತ ಒಬ್ಬ ವೈದ್ಯರು ನನಗೆ ನೇರವಾಗಿಯೇ ಹೇಳಿದರು. ಅದಕ್ಕೇ ಒಂದೇ ಅಂಕಿ ಬೇಡ, ಇಷ್ಟರಿಂದ ಇಷ್ಟು ಅಂತ ಬರೆಯಿರಿ. ಮೇಲಿನ ಅಂಕಿ ಹತ್ತಿರ ಬಂದಾಗ ಫೋನ್ ಮಾಡಿ ಕೇಳಿ. ಸಹಿ ಇರುವ ಹಾಳೆ ಗಲಾಟೆಯ ದಿನ ವೈದ್ಯರನ್ನೂ ಕಾಪಾಡುತ್ತದೆ. ಈಗ ಏನೂ ಬರೆಯದೆ ಇರುವುದರಿಂದಲೇ ಜಗಳಗಳು ಜಾಸ್ತಿ ಆಗುತ್ತಿವೆ ಅನ್ನುವುದು ನಾನು ಕಂಡದ್ದು.

ಇಲಾಖೆಯವರಿಗೆ ಒಂದು ಮಾತು. ದುಡ್ಡಿನ ಮಾತನ್ನು ಬಿಚ್ಚಿ ಆಡುವುದು ನಿಮ್ಮ ವೈದ್ಯರಿಗೆ ಹೊಸದೇನಲ್ಲ. ನಮ್ಮ ತಂದೆಯ ಊರು ಚನ್ನರಾಯಪಟ್ಟಣದ ಕಡೆ. ಅಲ್ಲಿ ಪಶು ಆಸ್ಪತ್ರೆಯ ಡಾಕ್ಟರು ಕೊಟ್ಟಿಗೆಗೆ ಬಂದು ಹಸುವನ್ನು ನೋಡಿ, "ಗೌಡ್ರೇ, ಇದಕ್ಕೆ ಇಷ್ಟು ಖರ್ಚಾಗುತ್ತೆ, ಕೆಚ್ಚಲು ಮೊದಲಿನ ಹಾಗೆ ಆಗೋದು ಅನುಮಾನ, ಯೋಚನೆ ಮಾಡಿ" ಅಂತ ಮುಖಕ್ಕೇ ಹೇಳುತ್ತಿದ್ದರು. ಯಾರೂ ಅದನ್ನು ಕಲ್ಲು ಮನಸ್ಸು ಅನ್ನುತ್ತಿರಲಿಲ್ಲ. ಹಸುವಿನ ಮೇಲೆ ನಮ್ಮ ಅಜ್ಜನಿಗಿದ್ದ ಪ್ರೀತಿ ನನಗೆ ಗೌರಿಯ ಮೇಲಿದ್ದದ್ದಕ್ಕಿಂತ ಕಡಿಮೆ ಇರಲಿಲ್ಲ. ಪಟ್ಟಣದ ನಾಯಿಯ ವಿಷಯ ಬಂದಾಗ ಮಾತ್ರ ಖರ್ಚು ಕೇಳುವುದು ನಾಚಿಕೆಯ ವಿಷಯ ಆಗಿಬಿಟ್ಟಿದೆ. ಕೇಳುವವರು ತಲೆ ತಗ್ಗಿಸಿ ಕೇಳುತ್ತಾರೆ, ಹೇಳುವವರು ಬೇರೆ ಕಡೆ ನೋಡಿಕೊಂಡು ಹೇಳುತ್ತಾರೆ.

ನಿಮ್ಮಿಂದ ಆಗಬಹುದಾದ ಇನ್ನೂ ಒಂದೆರಡು ಕೆಲಸ ಇದೆ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾಯಿ, ಬೆಕ್ಕಿಗೆ ಏನೇನು ಚಿಕಿತ್ಸೆ ಸಿಗುತ್ತದೆ, ಯಾವುದಕ್ಕೆ ಎಷ್ಟು ಶುಲ್ಕ, ಡಾಕ್ಟರು ಎಷ್ಟು ಹೊತ್ತಿಗೆ ಇರುತ್ತಾರೆ ಅಂತ ಹೊರಗೆ ಬೋರ್ಡ್ ಹಾಕಿ. 1962 ಅನ್ನುವ ನಂಬರಿಗೆ ಫೋನ್ ಮಾಡಿದರೆ ಹಳ್ಳಿಗೆ ಗಾಡಿ ಬರುವ ವ್ಯವಸ್ಥೆ ದನಕರುಗಳಿಗೆ ದೊಡ್ಡ ಉಪಕಾರವಾಗಿದೆ. ಜಿಲ್ಲಾ ಕೇಂದ್ರದಲ್ಲಿ ಒಂದಾದರೂ ಸರ್ಕಾರಿ ಆಸ್ಪತ್ರೆ ರಾತ್ರಿ ಹೊತ್ತು ಸಾಕುಪ್ರಾಣಿಗಳನ್ನೂ ನೋಡುವ ಹಾಗಾದರೆ, ರಾತ್ರಿ ಹತ್ತರ ಮೇಲೆ ಖಾಸಗಿಯವರು ಹೇಳಿದಷ್ಟು ಕೊಡಬೇಕಾದ ಪರಿಸ್ಥಿತಿ ತಪ್ಪುತ್ತದೆ. ಔಷಧಿಯ ವಿಷಯವೂ ಇದೆ. ನಾಯಿಯ ಬಿಪಿಗೆ, ಫಿಟ್ಸ್‌ಗೆ, ಅಲರ್ಜಿಗೆ ಬರೆಯುವ ಎಷ್ಟೋ ಮಾತ್ರೆ ಮನುಷ್ಯರ ಮಾತ್ರೆಯೇ. ಬ್ರಾಂಡ್ ಹೆಸರಿನ ಬದಲು ಔಷಧಿಯ ಹೆಸರು ಬರೆದರೆ ಜನೌಷಧಿ ಅಂಗಡಿಯಲ್ಲಿ ತುಂಬಾ ಕಡಿಮೆಗೆ ಸಿಗುತ್ತದೆ. ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್‌ನಲ್ಲಿ ಪಶು ಔಷಧಿ ಅನ್ನುವ ಯೋಜನೆಗೆ 75 ಕೋಟಿ ರೂಪಾಯಿ ಒಪ್ಪಿದೆ, ಒಳ್ಳೆಯ ಗುಣಮಟ್ಟದ ಜೆನೆರಿಕ್ ಔಷಧಿಯನ್ನು ಜಾನುವಾರುಗಳಿಗೆ ಅಗ್ಗವಾಗಿ ಕೊಡುವುದಕ್ಕೆ. ಕರ್ನಾಟಕದಲ್ಲಿ ಅದು ನಡೆಯುವಾಗ ನಾಯಿ, ಬೆಕ್ಕಿಗೆ ದಿನಾ ಬೇಕಾಗುವ ಔಷಧಿಗಳೂ ಅದರಲ್ಲಿ ಸೇರುವ ಹಾಗೆ ನೋಡಿಕೊಳ್ಳಿ.

ಈ ಪತ್ರ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಿಯಮ ಬಂದರೂ ಜನ ಬದಲಾಗದಿದ್ದರೆ ಹಾಳೆಯಲ್ಲಿ ಬರೆದದ್ದು ಸುಮ್ನೆ ಹಾಳೆಯಲ್ಲೇ ಇರುತ್ತದೆ.

ಪಕ್ಕದ ಮನೆಯವರ ನಾಯಿಗೆ ಕಾಯಿಲೆ ಬಂದಾಗ ನಾವು ಎರಡು ಮಾತು ಆಡುತ್ತೇವೆ. "ಒಂದು ನಾಯಿಗೆ ಇಷ್ಟೊಂದು ಖರ್ಚಾ?" ಅನ್ನುವುದು ಒಂದು. "ದುಡ್ಡಿಲ್ಲದಿದ್ದರೆ ನಾಯಿ ಯಾಕೆ ಸಾಕಬೇಕಿತ್ತು?" ಅನ್ನುವುದು ಇನ್ನೊಂದು. ಎರಡನ್ನೂ ನಿಲ್ಲಿಸೋಣ. ಯಾರ ಮನೆಯ ಸಾಲ ಎಷ್ಟು, ಯಾರ ಮಗುವಿನ ಫೀಸು ಎಷ್ಟು, ಯಾರಿಗೆ ಆ ನಾಯಿಯೇ ಮನೆಯಲ್ಲಿ ಮಾತಾಡಿಸಲು ಇರುವ ಒಂದೇ ಜೀವ, ನಮಗೆ ಗೊತ್ತಿರುವುದಿಲ್ಲ. ಒಬ್ಬರೇ ಇರುವ ಅಜ್ಜಿ ಬಳೆ ಅಡ ಇಟ್ಟು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ ಅದು ಅವರ ತೀರ್ಮಾನ. ನಾಲ್ಕು ಮಕ್ಕಳಿರುವ ಮನೆಯವರು ದೊಡ್ಡ ಆಪರೇಷನ್ ಬೇಡ, ನೋವಿಲ್ಲದೆ ಹೋಗಲಿ ಅಂದರೆ ಅದೂ ಗೌರವದ ತೀರ್ಮಾನವೇ. ವಾಸಿಯಾಗದೆ ನರಳುವ ಪ್ರಾಣಿಯನ್ನು ನೋವಿನಿಂದ ಬಿಡಿಸಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ದಾರಿ ಇದೆ.

ನಾಚಿಕೆ ಪಡಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಒಮ್ಮೆ ಕೌಂಟರಿನಲ್ಲಿ ಅವಮಾನ ಆದವರು ಮುಂದಿನ ಸಲ ಆಸ್ಪತ್ರೆಗೇ ಬರುವುದಿಲ್ಲ. ಮನೆಯಲ್ಲಿ ಇರುವ ಮಾತ್ರೆ ಕೊಡುತ್ತಾರೆ. ಜ್ವರ ಬಂದಿದೆ ಅಂತ ಬೆಕ್ಕಿಗೆ ಡೋಲೋ ಕೊಟ್ಟವರಿದ್ದಾರೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಜೀವ ತೆಗೆಯಲು. ಇನ್ನು ಕೆಲವರು ರಾತ್ರಿ ಹೊತ್ತು ನಾಯಿಯನ್ನು ದೂರ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟು ಹಸಿವು, ಬಾಯಾರಿಕೆಗೆ ದೂಡುವುದು ಅದೇ 1960ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ಇಟ್ಟುಕೊಳ್ಳುವುದಿಲ್ಲ. ಕಡಿಮೆ ಖರ್ಚಿನ ದಾರಿ ಒಂದು ಇದೆ ಅಂತ ಮರ್ಯಾದೆಯಿಂದ ಹೇಳಿದರೆ ಇಟ್ಟುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ನಾಯಿ, ಬೆಕ್ಕು ಸಾಕಿದ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ನನ್ನದೊಂದು ವಿನಂತಿ. ಮರಿಗೆ ಆರರಿಂದ ಎಂಟು ವಾರ ಆದಾಗ ಲಸಿಕೆ ಶುರು ಮಾಡಿಸಿ, ನಾಲ್ಕು ತಿಂಗಳು ತುಂಬುವ ತನಕ ಡಾಕ್ಟರು ಹೇಳಿದ ಡೋಸ್ ತಪ್ಪಿಸಬೇಡಿ. ನಾನು ನೋಡಿದ ಪಾರ್ವೋ ಮರಿಗಳಲ್ಲಿ ಹೆಚ್ಚಿನವಕ್ಕೆ ಲಸಿಕೆ ಆಗಿರಲಿಲ್ಲ, ಇಲ್ಲವೇ ಒಂದೇ ಡೋಸ್ ಆಗಿತ್ತು. ಹೆಣ್ಣು ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಿ. ಮಾಡಿಸದ ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ, ಅದೇ ಆಪರೇಷನ್ನನ್ನು ಅರ್ಧರಾತ್ರಿಯಲ್ಲಿ, ಸಾಯುವ ಸ್ಥಿತಿಯಲ್ಲಿ, ಹಲವು ಪಟ್ಟು ದುಡ್ಡು ಕೊಟ್ಟು ಮಾಡಿಸಬೇಕಾಗುತ್ತದೆ. ವಿಮೆ ಈಗ ಸಿಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ, ವಯಸ್ಸಾದ ನಾಯಿಯನ್ನು ಸೇರಿಸಿಕೊಳ್ಳುವುದು ಕಷ್ಟ, ಹಾಗಾಗಿ ಮರಿಯಿದ್ದಾಗಲೇ ವಿಚಾರಿಸಿ. ನಾಯಿ ಚೆನ್ನಾಗಿದ್ದಾಗಲೇ ಮನೆಯವರೆಲ್ಲ ಕೂತು, ದೊಡ್ಡ ಕಾಯಿಲೆ ಬಂದರೆ ನಮ್ಮ ಕೈಲಿ ಎಷ್ಟಾಗುತ್ತದೆ ಅಂತ ಮಾತಾಡಿಕೊಳ್ಳಿ. ಅಳುತ್ತಾ ಕೌಂಟರ್ ಮುಂದೆ ನಿಂತಾಗ ಆ ಲೆಕ್ಕ ಯಾರಿಗೂ ಬರುವುದಿಲ್ಲ.

ಆಸ್ಪತ್ರೆಗೆ ಹೋದಾಗ ಕೇಳಿ. "ಡಾಕ್ಟ್ರೇ, ಒಟ್ಟು ಎಷ್ಟಾಗಬಹುದು? ಇದು ಉಳಿಯುತ್ತಾ? ನನ್ನ ಹತ್ತಿರ ಇಷ್ಟೇ ಇದೆ, ಇಷ್ಟರಲ್ಲಿ ಏನು ಮಾಡಬಹುದು? ಇದು ನಿಮ್ಮ ನಾಯಿ ಆಗಿದ್ದರೆ ನೀವೇನು ಮಾಡ್ತಿದ್ರಿ?" ಗಟ್ಟಿಯಾಗಿ ಕೇಳಿ. ಬರೆದುಕೊಡಿ ಅನ್ನಿ.

ಪರಿಷತ್ತಿನ ಮಾನ್ಯ ಸದಸ್ಯರೇ, ಒಂದು ಪುಟದ ನಮೂನೆ ತಯಾರಿಸಲು ಖರ್ಚು ಏನೂ ಇಲ್ಲ. ಕೆಲವು ವೈದ್ಯರನ್ನೂ, ಪ್ರಾಣಿ ಸಾಕುವ ನಮ್ಮಂಥ ಒಂದಿಬ್ಬರನ್ನೂ ಕೂರಿಸಿದರೆ ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸ. ಕರೆದರೆ ನಾನು ಬರುತ್ತೇನೆ, ಆಟೋ ಓಡಿಸುವ ಆ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ. ಮೊದಲು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಆರು ತಿಂಗಳು ಪ್ರಯೋಗ ಮಾಡಿ ನೋಡಿ. ಏನು ತೊಂದರೆ ಬರುತ್ತದೆ ನೋಡಿಕೊಂಡು ತಿದ್ದಿ. ಆಮೇಲೆ ಎಲ್ಲ ಕಡೆ ಕಡ್ಡಾಯ ಮಾಡಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ವಿಶ್ವಾಸದೊಂದಿಗೆ,
ಮತ್ತಿಕೆರೆಯ ಒಬ್ಬ ನಿವಾಸಿ